ತುಮಕೂರಿನಲ್ಲಿ ಬೀದಿನಾಯಿಗಳಿಗೆ ಆಶ್ರಯಧಾಮ ತೆರೆದರೆ ಹಣ ಎಲ್ಲಿಂದ ಹೊಂದಿಸುವುದು?

ಅನುದಾನ ನೆಚ್ಚಿಕೊಂಡು ಶೆಡ್ ಕಟ್ಟಬೇಡಿ. ಒಲೆ ಉರಿಯುವುದು ತಿಂಗಳಿಗೆ ಇನ್ನೂರು, ಐನೂರು ರೂಪಾಯಿಯನ್ನು ತಪ್ಪದೆ ಕೊಡುವವರಿಂದ. ಒಮ್ಮೆ ದೊಡ್ಡ ಮೊತ್ತ ಕೊಟ್ಟು ಫೋಟೊ ತೆಗೆಸಿಕೊಂಡು ಹೋಗುವವರಿಗಿಂತ ಅವರೇ ಮೇಲು.

ಮೊದಲು ಕಾಗದಪತ್ರ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಕನಿಷ್ಠ 7 ಜನ ಸೇರಿ ಸಂಘ ಮಾಡಬಹುದು. ಟ್ರಸ್ಟ್ ಕೂಡ ಆದೀತು. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗಲು ಎಲ್ಲರೂ '80ಜಿ' ಎನ್ನುವ ಮಾನ್ಯತೆ ಬೇಕು. ವಸಂತನರಸಾಪುರದ ಕಾರ್ಖಾನೆಗಳು ಸಮಾಜದ ಕೆಲಸಕ್ಕೆಂದು ಎತ್ತಿಡುವ ಸಿಎಸ್‌ಆರ್ ಹಣ ಕೇಳುವುದಾದರೆ ಸಿಎಸ್‌ಆರ್-1 ನಮೂನೆಯನ್ನೂ ಸಲ್ಲಿಸಿರಬೇಕು. ಪಾಲಿಕೆಯ ಸಂತಾನಹರಣ ಶಸ್ತ್ರಚಿಕಿತ್ಸೆಯ ಕೆಲಸ ವಹಿಸಿಕೊಳ್ಳಲು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಕಡ್ಡಾಯ.

ಊಟದ ಖರ್ಚಿಗೆ ಎಲ್ಲರೂ ಹೆದರುತ್ತಾರೆ. ನುಚ್ಚಕ್ಕಿ ಅನ್ನಕ್ಕೆ ಕೋಳಿ ಅಂಗಡಿಯ ಕತ್ತು, ಕಾಲು ಬೇಯಿಸಿ ಕಲಸಿದರೆ ಅದು ಹೇಗೋ ಸಾಗುತ್ತದೆ. ನಿಜವಾಗಿ ಗಂಟು ಕರಗಿಸುವುದು ರೋಗ. ಬೆಳಗ್ಗೆ ಗೇಟು ತೆಗೆದರೆ ಗೋಣಿಚೀಲದೊಳಗೆ ನಾಲ್ಕು ಮರಿ ಕುಂಯ್‌ಗುಟ್ಟುತ್ತಿರುತ್ತವೆ. ಕನಿಕರಪಟ್ಟು ನೇರವಾಗಿ ಒಳಗೆ ಬಿಟ್ಟಿರೋ, ಪಾರ್ವೊ ಎಂಬ ವಾಂತಿಭೇದಿಯ ಸೋಂಕು ಹಬ್ಬಿ ವಾರದಲ್ಲಿ ಡ್ರಿಪ್ಪಿನ ಬಿಲ್ಲೇ ತಿಂಗಳ ಅಕ್ಕಿಯನ್ನು ಮೀರಿಸುತ್ತದೆ. ಹೊಸಬರಿಗೆ ಎರಡು ವಾರ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಪೊರಕೆ. ನೆಲಕ್ಕೆ ಫಿನಾಯಿಲ್ ಸಾಲದು, ಬ್ಲೀಚಿಂಗ್ ದ್ರಾವಣ ಬೇಕು.

ಇರುವ ಜಾಗಕ್ಕಿಂತ ಒಂದು ನಾಯಿಯನ್ನೂ ಹೆಚ್ಚಿಗೆ ಸೇರಿಸಬೇಡಿ. ಬೈಯುವವರು ಬೈಯಲಿ. ಲೆಕ್ಕವನ್ನು ಪ್ರತಿ ತಿಂಗಳು ಗೋಡೆಗೆ ಅಂಟಿಸಿ, ಔಷಧಿ ಅಂಗಡಿಯ ಬಾಕಿಯನ್ನೂ ಸೇರಿಸಿ. ಅದನ್ನು ಓದಿಯೇ ಜೇಬಿಗೆ ಕೈ ಹಾಕುವವರಿದ್ದಾರೆ.