ಸಾಕ್ಷಿ ಹೇಳುವಾಗ "ನಾನು ಕಷ್ಟಪಟ್ಟೆ" ಅಂದರೆ ಅಹಂಕಾರವಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೂರನೇ ಪ್ರಯತ್ನದಲ್ಲಿ ಪರೀಕ್ಷೆ ಪಾಸಾಗಿ ಕೆಲಸ ಸಿಕ್ಕಿದೆ. ಭಾನುವಾರ ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳುವಾಗ, ಅಂದರೆ ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳುವಾಗ, "ಹಗಲು ರಾತ್ರಿ ಓದಿದೆ" ಅಂದಿದ್ದೀರಿ. ಆಮೇಲೆ ಹಿರಿಯರೊಬ್ಬರು "ದೇವರಿಗೆ ಸಲ್ಲಬೇಕಾದ ಮಹಿಮೆ ನೀನು ತಗೊಂಡೆ" ಅಂದರು. ಹಾಗಾದರೆ ನಾನೇನೂ ಮಾಡಲಿಲ್ಲ ಅಂತ ಸುಳ್ಳು ಹೇಳಬೇಕಾ ಎಂದು ಕೇಳಿದ್ದೀರಿ.

ಸುಳ್ಳು ಹೇಳಬೇಡಿ. ಓದಿದ್ದು ನೀವೇ. ಬೈಬಲಿನ 1 ಕೊರಿಂಥ 15:10ರಲ್ಲಿ ಪೌಲನು ಉಳಿದ ಅಪೊಸ್ತಲರೆಲ್ಲರಿಗಿಂತ ತಾನು ಜಾಸ್ತಿ ದುಡಿದೆ ಅಂತ ನೇರವಾಗಿಯೇ ಬರೆಯುತ್ತಾನೆ. ಅಲ್ಲೇ ಮುಂದುವರಿದು, ಅದು ನಾನಲ್ಲ, ನನ್ನ ಜೊತೆಗಿದ್ದ ದೇವರ ಕೃಪೆ ಅನ್ನುತ್ತಾನೆ. ಧರ್ಮೋಪದೇಶಕಾಂಡದ 8ನೇ ಅಧ್ಯಾಯವೂ ಹೀಗೇ. ನೀನು ಸಂಪಾದಿಸಲೇ ಇಲ್ಲ ಅಂತ ಅದು ಹೇಳುವುದಿಲ್ಲ. ಸಂಪಾದಿಸುವ ಶಕ್ತಿ ಯಾರು ಕೊಟ್ಟದ್ದು ಅನ್ನುವುದನ್ನು ಮರೆಯಬೇಡ ಅನ್ನುತ್ತದೆ.

ನನಗೆ ಹೆಚ್ಚು ಭಯ ಇರುವುದು ಬೇರೆ ಒಂದು ವಿಷಯದ ಬಗ್ಗೆ. ಬಾಯಲ್ಲಿ ದೇವರ ಹೆಸರು ಹೇಳುತ್ತಲೇ ಕೀರ್ತಿಯನ್ನು ನಾವೇ ಇಟ್ಟುಕೊಳ್ಳುತ್ತೇವೆ. ನಾನು ಅದನ್ನು ಮಾಡಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವನು. ಸಣ್ಣ ಅಡಿಕೆ ತೋಟ ಇದೆ. ಕೆಲವು ವರ್ಷಗಳ ಹಿಂದೆ ಮಳೆ ಜೋರಾಗಿ ಹಿಡಿದು ಕೊಳೆರೋಗ ಬಂತು. ಊರಿನ ತೋಟಗಳಲ್ಲಿ ಎಳೆ ಅಡಿಕೆ ಉದುರಿ ಮರದ ಬುಡದಲ್ಲಿ ಹಾಸಿದ ಹಾಗೆ ಬಿದ್ದಿತ್ತು. ನನ್ನ ತೋಟ ಹೆಚ್ಚುಕಡಿಮೆ ಉಳಿಯಿತು. ಆ ವರ್ಷ ಬೆಳೆ ಹಬ್ಬದ ಆರಾಧನೆಯಲ್ಲಿ ಎದ್ದು ನಿಂತೆ. "ಕರ್ತನಿಗೆ ಸ್ತೋತ್ರ. ಒಂದು ಸಲವೂ ತಪ್ಪಿಸದೆ ಆದಾಯದ ಹತ್ತರಲ್ಲೊಂದು ಪಾಲು ದಶಮಾಂಶ ಕೊಟ್ಟೆ, ಉಪವಾಸ ಪ್ರಾರ್ಥನೆ ಮಾಡಿದೆ, ಅದಕ್ಕೇ ದೇವರು ನನ್ನ ತೋಟ ಕಾಪಾಡಿದ" ಅಂದೆ. ಎಲ್ಲರೂ ಆಮೆನ್ ಅಂದರು.

ಮೂರನೇ ಬೆಂಚಿನಲ್ಲಿ ಪಕ್ಕದ ತೋಟದ ಅಣ್ಣ ಕೂತಿದ್ದರು. ಅವರ ಬೆಳೆ ಅರ್ಧಕ್ಕರ್ಧ ಹೋಗಿತ್ತು. ಅವರೂ ದಶಮಾಂಶ ಕೊಡುವವರೇ. ಪ್ರಾರ್ಥನೆಯಲ್ಲಿ ನನಗಿಂತ ಒಂದು ಕೈ ಮೇಲು. ಮನೆಗೆ ಬಂದ ಮೇಲೆ ನನ್ನ ಹೆಂಡತಿ "ಅಣ್ಣನ ಪ್ರಾರ್ಥನೆ ದೇವರಿಗೆ ಮುಟ್ಟಲಿಲ್ಲ ಅಂತ ಹೇಳಿದ ಹಾಗಾಯ್ತಲ್ಲ" ಅಂದಳು. ಆ ರಾತ್ರಿ ನಿದ್ದೆ ಬರಲಿಲ್ಲ.

ಲೂಕ 18ರಲ್ಲಿ ಯೇಸು ಹೇಳಿದ ಕಥೆಯ ಫರಿಸಾಯನನ್ನು, ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಆ ಯೆಹೂದ್ಯನನ್ನು, ನೆನಪು ಮಾಡಿಕೊಳ್ಳಿ. ಅವನ ಪ್ರಾರ್ಥನೆ ಶುರುವಾಗುವುದೂ ದೇವರಿಗೆ ಸ್ತೋತ್ರ ಹೇಳಿಯೇ. ಆಮೇಲೆ ಬರುವುದೇನು? ವಾರಕ್ಕೆ ಎರಡು ಸಲ ಉಪವಾಸ, ದಶಮಾಂಶ, ತಾನು ಆ ಸುಂಕದವನ ಹಾಗಲ್ಲ ಅನ್ನುವ ಮಾತು. ನನ್ನ ಸಾಕ್ಷಿಯೂ ಅದೇ ಅಲ್ವಾ?

ನಿಜವಾಗಿ ಆಗಿದ್ದು ಇಷ್ಟು. ಕೊಳೆರೋಗ ಬಾರದಂತೆ ಬೋರ್ಡೋ ಅನ್ನುವ ಔಷಧಿ ಹೊಡೆಯುತ್ತೇವೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಳೆಗಾಲಕ್ಕೆ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಎರಡನೆಯದೇ ಕಷ್ಟ. ಮಳೆ ಹೊಳವು ಕೊಡಬೇಕು, ಅಂದರೆ ಸ್ವಲ್ಪ ಬಿಡುವು ಕೊಡಬೇಕು, ಮರ ಹತ್ತುವವರೂ ಅದೇ ದಿನ ಸಿಗಬೇಕು. ಆ ವರ್ಷ ಎರಡು ದಿನ ಹೊಳವಾಯಿತು. ಹತ್ತುವವರು ಮೊದಲು ನಮ್ಮ ತೋಟಕ್ಕೆ ಬಂದರು. ಮೂರನೇ ದಿನ ಅಣ್ಣನ ತೋಟಕ್ಕೆ ಹೋಗಬೇಕಿತ್ತು. ಬೆಳಿಗ್ಗೆಯೇ ಮಳೆ ಹಿಡಿಯಿತು.

ಆ ಹೊಳವು ದೇವರು ಕೊಟ್ಟದ್ದು ಅಂತ ಈಗಲೂ ನಂಬುತ್ತೇನೆ. ಆದರೆ ಅದು ನನ್ನ ಉಪವಾಸಕ್ಕೆ ಕೊಟ್ಟ ಕೂಲಿ ಅಲ್ಲ. ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುವವನು ಅವನು ಅಂತ ಯೇಸು ಹೇಳಿದ್ದು ಮತ್ತಾಯ 5:45ರಲ್ಲಿದೆ. ಮಲೆನಾಡಿನವರಿಗೆ ಆ ಮಾತು ಬೇಗ ಅರ್ಥ ಆಗಬೇಕು. ಇನ್ನು ಆ ಔಷಧಿ? 1885ರ ಹೊತ್ತಿಗೆ ಫ್ರಾನ್ಸಿನಲ್ಲಿ ಮಿಲಾರ್ಡೆ ಎಂಬವರು ದ್ರಾಕ್ಷಿಯ ರೋಗಕ್ಕೆ ಕಂಡುಕೊಂಡದ್ದು. ನಮ್ಮ ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಬರೆದಿದ್ದರು. ಇಷ್ಟೆಲ್ಲ ಜನರ ಕೈಯಿಂದ ದೇವರು ನನಗೆ ಕೊಟ್ಟ. ಸಾಕ್ಷಿಯಲ್ಲಿ ನಾನು ಹೇಳಿದ್ದು ನನ್ನ ಉಪವಾಸ ಮಾತ್ರ. ಜಾರುವ ಮರ ಹತ್ತಿದವರ ಹೆಸರೂ ಬಾಯಿಗೆ ಬರಲಿಲ್ಲ.

ಮರುವಾರ ಅಣ್ಣನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕಾಫಿ ಕೊಟ್ಟು "ಉಳಿದ ತೋಟಕ್ಕೆ ಸ್ತೋತ್ರ ಮಾಡೋಣ ಬಾ" ಅಂದರು. ಅರ್ಧ ಬೆಳೆ ಕಳೆದುಕೊಂಡವರು ನನ್ನ ತೋಟಕ್ಕಾಗಿ ಸ್ತೋತ್ರ ಮಾಡಿದರು. ದೇವರಿಗೆ ಮಹಿಮೆ ಸಲ್ಲಿಸುವುದನ್ನು ನಾನು ಕಲಿತಿದ್ದು ಅವತ್ತು.

ಬೇರೆ ವಿಶ್ವಾಸಿಗಳಿಗೂ ಇದನ್ನು ಹೇಳಬೇಕು ಅಂತ ಬರೆದಿದ್ದೀರಿ. ಹೇಳಿ. ಆದರೆ ಆ ಹಿರಿಯರು ನಿಮಗೆ ಹೇಳಿದ ಹಾಗೆ ಬೇಡ. ಸಂತೋಷದಲ್ಲಿ ಇರುವವರನ್ನು ಗದರಿಸಿದರೆ ಅವರು ಮುಂದಿನ ಸಲ ಬಾಯಿ ಬಿಡುವುದಿಲ್ಲ, ಅಷ್ಟೇ. ಸುಮ್ನೆ ಪಕ್ಕ ಕೂತು "ಇದರಲ್ಲಿ ದೇವರು ಯಾರ್ಯಾರ ಕೈಯಿಂದ ಸಹಾಯ ಮಾಡಿದ?" ಅಂತ ಕೇಳಿ. ಅವರೇ ಒಬ್ಬೊಬ್ಬರ ಹೆಸರು ಹೇಳುತ್ತಾ ಹೋಗುತ್ತಾರೆ.

ನೀವೂ ಮುಂದಿನ ಸಲ ಹಾಗೇ ಹೇಳಿ. ಓದಿದ್ದನ್ನು ಹೇಳಿ. ಎರಡು ಸಲ ಫೇಲಾದಾಗ ಫೀಸು ಕಟ್ಟಿದವರು, ಮನೆಯ ಕೆಲಸ ತಾವೇ ಹೊತ್ತುಕೊಂಡು ನಿಮ್ಮನ್ನು ಓದಲು ಬಿಟ್ಟವರು, ಅವರನ್ನೂ ಹೇಳಿ. ಅವರನ್ನೆಲ್ಲ ಕೊಟ್ಟ ದೇವರಿಗೆ ಸ್ತೋತ್ರ ಹೇಳಿ. ನಿಮ್ಮ ಜೊತೆ ಪರೀಕ್ಷೆ ಬರೆದು ಪಾಸಾಗದವರು ಯಾರಾದರೂ ಸಭೆಯಲ್ಲಿದ್ದರೆ, ಆರಾಧನೆ ಮುಗಿದ ಮೇಲೆ ಮೊದಲು ಅವರ ಹತ್ತಿರ ಹೋಗಿ. ನಿಮ್ಮ ನೋಟ್ಸ್ ಅವರಿಗೆ ಕೊಡಿ.