ಓದುಗರ ಪ್ರಶ್ನೆ: ಶಿರಾಜ್‌ನ ಮೆಣಸಿನ ಕಂಪು ಮತ್ತು ಅದು ಬೆಳೆದ ಊರುಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಶಿರಾಜ್ ಎಂಬ ಕೆಂಪು ವೈನಿಗೆ ಸಂಬಂಧಿಸಿದವನ್ನು ಆರಿಸಿ ಒಂದೆಡೆ ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಕಾಫಿ ತೋಟ, ನೆರಳಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಮಗಳು ಮೆಲ್ಬರ್ನ್‌ನಿಂದ ತಂದ ಶಿರಾಜ್ ಬಾಟಲಿಯ ಮೇಲೆ ‘ಕಾಳುಮೆಣಸಿನ ಪರಿಮಳ’ ಎಂದು ಬರೆದಿತ್ತು. ವೈನಿಗೆ ಮೆಣಸು ಹಾಕುತ್ತಾರೆಯೆ? ನನಗೆ ಆ ಪರಿಮಳ ಸ್ಪಷ್ಟವಾಗಿ ಬಂತು, ನಮ್ಮ ಯಜಮಾನರಿಗೆ ಮಾತ್ರ ಎಷ್ಟು ಮೂಸಿದರೂ ಬರಲಿಲ್ಲ. — ಓದುಗರೊಬ್ಬರು, ಮಡಿಕೇರಿ

ಉತ್ತರ: ಮೆಣಸು ಹಾಕುವುದಿಲ್ಲ. ಆದರೂ ನಿಮ್ಮ ಮೂಗು ಹೇಳಿದ್ದು ನಿಜ, ಏಕೆಂದರೆ ನಿಮ್ಮ ತೋಟದ ಮೆಣಸಿನಲ್ಲಿರುವ ಒಂದು ವಸ್ತುವೇ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇದೆ. ಅದರ ಹೆಸರು ರೊಟಂಡೋನ್. ವೈನಿನ ಮೆಣಸಿನ ಕಂಪಿಗೆ ಇದೇ ಕಾರಣವೆಂದು ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ವೈನ್ ಬಲ್ಲವರು ತಲೆಮಾರುಗಳಿಂದ ‘ಮೆಣಸು, ಮೆಣಸು’ ಎನ್ನುತ್ತ ಬಂದಿದ್ದರೂ ಅದು ಎಲ್ಲಿಂದ ಬರುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೋಗ್ರಾಂ ಇದ್ದರೂ ಸಾಕು, ಮೂಗಿಗೆ ಗೊತ್ತಾಗುತ್ತದೆ. ಲೆಕ್ಕ ಹಾಕಿದರೆ, ಒಂದೇ ಒಂದು ಗ್ರಾಂ ರೊಟಂಡೋನ್ ಆರು ಕೋಟಿ ಲೀಟರಿಗೂ ಹೆಚ್ಚು ವೈನಿಗೆ ಕಂಪು ಕೊಡಬಲ್ಲದು. ಮೆಣಸಿನ ಕಾಳಿನಲ್ಲಿ ಇದು ವೈನಿನಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚಿರುತ್ತದೆ. ಹಾಗಿದ್ದರೂ ವೈನು ನಾಲಿಗೆಗೆ ಖಾರವೆನಿಸದಿರಲು ಕಾರಣ, ಮೆಣಸಿನ ಖಾರ ಪೈಪರಿನ್ ಎಂಬ ಬೇರೆಯೇ ವಸ್ತುವಿನದು. ಅದು ದ್ರಾಕ್ಷಿಯಲ್ಲಿ ಇಲ್ಲ.

ಯಜಮಾನರ ಮೂಗಿನಲ್ಲಿ ದೋಷವೇನೂ ಇಲ್ಲ. ಅದೇ ಸಂಶೋಧನೆಯಲ್ಲಿ ಪಾಲ್ಗೊಂಡವರ ಪೈಕಿ ಸುಮಾರು ಐದರಲ್ಲಿ ಒಬ್ಬರಿಗೆ ಈ ಒಂದು ವಾಸನೆ ಎಷ್ಟು ಹೆಚ್ಚಿಸಿದರೂ ತಿಳಿಯಲಿಲ್ಲ. ಒಂದೇ ಬಾಟಲಿಯನ್ನು ಒಬ್ಬರು ಹೊಗಳಿ ಇನ್ನೊಬ್ಬರು ಸಪ್ಪೆಯೆಂದಾಗ ಇಬ್ಬರ ಮಾತೂ ಸರಿಯಾಗಿರಬಹುದು. ಮನೆಯಲ್ಲಿಯೇ ಪರೀಕ್ಷಿಸಬೇಕೆಂದರೆ ಹೊಸ ಫಸಲಿನ ನಾಲ್ಕು ಕಾಳನ್ನು ಕುಟ್ಟಾಣಿಯಲ್ಲಿ ಒಡೆದು, ಮೊದಲ ಘಾಟು ಇಳಿಯಲು ಬಿಟ್ಟು, ಆಮೇಲೆ ಉಳಿಯುವ ಒಣಕಟ್ಟಿಗೆಯಂಥ ಕಂಪನ್ನು ಮೂಸಿ ನೋಡಿ, ಅನಂತರ ಲೋಟವನ್ನು ಮೂಗಿನ ಬಳಿ ತನ್ನಿ. ಹೋಲಿಕೆ ಇರುವುದು ಆ ಎರಡನೆಯ ಕಂಪಿಗೆ, ಮೊದಲ ಘಾಟಿಗಲ್ಲ.

ಶಿರಾಜ್ ಬೆಳೆಯುವ ಊರುಗಳ ನಡುವಣ ವ್ಯತ್ಯಾಸವನ್ನು ಅರಿಯುವುದಕ್ಕೂ ರೊಟಂಡೋನ್ ಒಳ್ಳೆಯ ದಾರಿ. ಅದು ಹಣ್ಣಾಗುವ ಕೊನೆಯ ಹಂತದಲ್ಲಿ ಸಿಪ್ಪೆಯಲ್ಲಿ ಕೂಡಿಕೊಳ್ಳುತ್ತದೆ. ತಂಪಿನಲ್ಲಿ, ಎಲೆಯ ನೆರಳಿನಲ್ಲಿ ಇರುವ ಗೊಂಚಲಿನಲ್ಲಿ ಹೆಚ್ಚು, ಬಿಸಿಲಿಗೆ ಮೈಯೊಡ್ಡಿದ ಗೊಂಚಲಿನಲ್ಲಿ ಕಡಿಮೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಗ್ರಾಂಪಿಯನ್ಸ್ ಎಂಬ ತಂಪು ಸೀಮೆಯ ಒಂದೇ ತೋಟದೊಳಗೆ ಸಾಲಿನಿಂದ ಸಾಲಿಗೆ ಇದರ ಪ್ರಮಾಣ ಬದಲಾಗುವುದನ್ನು ಅಳೆದು ತೋರಿಸಿದ್ದಾರೆ. ನಿಮ್ಮ ಮಗಳು ತಂದದ್ದು ಅಂಥ ಸೀಮೆಯ ಬಾಟಲಿಯೇ ಇರಬೇಕೆಂಬುದು ನನ್ನ ಊಹೆ.

ಪ್ರಶ್ನೆ: ಶಿರಾಜ್ ಮತ್ತು ಸಿರಾ ಒಂದೆಯೋ ಬೇರೆಯೋ? ಇದು ಇರಾನಿನ ಶಿರಾಜ್ ನಗರದಿಂದ ಬಂದ ದ್ರಾಕ್ಷಿ ಎನ್ನುವುದು ನಿಜವೆ? — ನಿವೃತ್ತ ಅಧ್ಯಾಪಕರು, ಧಾರವಾಡ

ಉತ್ತರ: ಒಂದೇ ದ್ರಾಕ್ಷಿ. ಫ್ರಾನ್ಸಿನಲ್ಲಿ ಸಿರಾ, ಆಸ್ಟ್ರೇಲಿಯಾದಲ್ಲಿ ಶಿರಾಜ್. ದಕ್ಷಿಣ ಆಫ್ರಿಕಾದಲ್ಲಿ ಎರಡೂ ಹೆಸರು ಚಾಲ್ತಿಯಲ್ಲಿವೆ. ಹದಿಮೂರನೆಯ ಶತಮಾನದಲ್ಲಿ ಧರ್ಮಯುದ್ಧದಿಂದ ಮರಳಿದ ಗಾಸ್ಪಾರ್ ದ ಸ್ಟೆರಿಂಬೆರ್ಗ್ ಎಂಬ ಯೋಧನೊಬ್ಬ ರೋನ್ ನದಿಯ ದಂಡೆಯ ಗುಡ್ಡದ ಮೇಲೆ ಗುಡಿ ಕಟ್ಟಿಕೊಂಡು ಸನ್ಯಾಸಿಯಾಗಿ ನಿಂತನೆಂದೂ, ಪರ್ಷಿಯಾದ ಬಳ್ಳಿಯನ್ನು ಅಲ್ಲಿ ನೆಟ್ಟನೆಂದೂ ಕಥೆಯಿದೆ. ಆ ಗುಡ್ಡವೇ ಎರ್ಮಿತಾಜ್. ಕಥೆ ಸೊಗಸಾಗಿದೆ, ಆದರೆ 1998ರ ಡಿಎನ್‌ಎ ಪರೀಕ್ಷೆಯ ಮುಂದೆ ಅದು ನಿಲ್ಲಲಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರಲ್ ಮೆರೆಡಿತ್ ಮತ್ತು ಮಾಂಟ್‌ಪೆಲಿಯೇಯ ತಜ್ಞರು ಸೇರಿ ನಡೆಸಿದ ಆ ಪರೀಕ್ಷೆಯಂತೆ, ದುರೇಜಾ ಎಂಬ ಕಪ್ಪು ದ್ರಾಕ್ಷಿ ಮತ್ತು ಮೊಂಡ್ಯೂಸ್ ಬ್ಲಾಂಶ್ ಎಂಬ ಬಿಳಿ ದ್ರಾಕ್ಷಿ ಇದರ ತಂದೆತಾಯಿ. ಎರಡೂ ಆಗ್ನೇಯ ಫ್ರಾನ್ಸಿನವು, ಎರಡೂ ಇಂದು ಹೆಚ್ಚು ಜನಕ್ಕೆ ಗೊತ್ತಿಲ್ಲದವು. ಇರಾನಿನ ಶಿರಾಜ್ ಊರು ತನ್ನದೇ ವೈನಿಗೆ ಒಂದು ಕಾಲದಲ್ಲಿ ಹೆಸರಾಗಿತ್ತು. ಆ ವೈನಿಗೂ ಈ ದ್ರಾಕ್ಷಿಗೂ ನಂಟಿಲ್ಲ.

‘ಪೆಟಿಟ್ ಸಿರಾ’ ಎಂಬುದರ ಬಗ್ಗೆಯೂ ಕೇಳಿದ್ದೀರಿ. ಅದು ಚಿಕ್ಕ ಸಿರಾ ಅಲ್ಲ. ಸಿರಾ ಮತ್ತು ಪೆಲೂರ್ಸಾಂ ತಳಿಗಳ ಕೂಡಿಕೆಯಿಂದ ಹುಟ್ಟಿದ ದ್ಯೂರಿಫ್ ಎಂಬ ಬೇರೆ ತಳಿ.

ಪ್ರಶ್ನೆ: ಆಸ್ಟ್ರೇಲಿಯಾದ ಬರೋಸಾದ ಶಿರಾಜ್ ಕುಡಿದು ಇಷ್ಟಪಟ್ಟ ನಾನು, ಅದೇ ದ್ರಾಕ್ಷಿಯೆಂದು ನಂಬಿ ಫ್ರಾನ್ಸಿನ ಕ್ರೋಜ್ ಎರ್ಮಿತಾಜ್ ಕೊಂಡೆ. ತೆಳ್ಳಗೆ, ಹುಳಿಯಾಗಿ, ಒಗರಾಗಿ ಇತ್ತು. ದುಡ್ಡು ಹೋಯಿತೆನಿಸಿತು. ಇಷ್ಟು ವ್ಯತ್ಯಾಸ ಹೇಗೆ? — ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ದುಡ್ಡು ಹೋಗಿಲ್ಲ, ನಿರೀಕ್ಷೆ ತಪ್ಪಿತ್ತು ಅಷ್ಟೆ. ನೀವು ಕೊಂಡ ವೈನಿನ ಊರಾದ ಉತ್ತರ ರೋನ್ ಕಣಿವೆ ಸುಮಾರು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಸಿರಾ ಹಣ್ಣಾಗುವುದೇ ಒಂದು ಹೋರಾಟ. ಬರೋಸಾ ಕಣಿವೆ ಇರುವುದು 34 ಡಿಗ್ರಿ ದಕ್ಷಿಣದ ಆಸುಪಾಸಿನಲ್ಲಿ, ಒಣ ಬೇಸಿಗೆಯ ನಾಡಿನಲ್ಲಿ. ಅಲ್ಲಿ ಹಣ್ಣಾಗದೆ ಉಳಿಯುವ ಭಯವಿಲ್ಲ, ಮಿತಿಮೀರಿ ಹಣ್ಣಾಗುವ ಭಯವಿದೆ. ಹಣ್ಣು ಮಾಗಿದಷ್ಟೂ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಆ ಸಕ್ಕರೆಯೇ ಹುದುಗಿ ಆಲ್ಕೋಹಾಲ್ ಆಗುವುದರಿಂದ ಬರೋಸಾ ಬಾಟಲಿಯ ಮೇಲೆ ಶೇ 14.5 ಅಥವಾ 15 ಎಂದಿದ್ದರೆ, ರೋನ್ ಬಾಟಲಿಯ ಮೇಲೆ ಸಾಮಾನ್ಯವಾಗಿ ಶೇ 13ರ ಸುತ್ತಮುತ್ತ ಇರುತ್ತದೆ. ಅಂಗಡಿಯಲ್ಲಿ ನಿಂತು ಬಾಟಲಿಯನ್ನು ಬಿಚ್ಚದೆಯೇ ಒಳಗಿನದನ್ನು ಊಹಿಸಬೇಕಾದರೆ ನಾನು ಮೊದಲು ನೋಡುವುದು ಈ ಅಂಕಿಯನ್ನೇ.

ರೋನ್ ಕಣಿವೆಯೊಳಗೂ ಎಲ್ಲ ಊರಿನದೂ ಒಂದೇ ತೆರನಲ್ಲ. ಕೋರ್ನಾಸ್‌ನಲ್ಲಿ ಸಿರಾ ಬಿಟ್ಟು ಬೇರೆ ದ್ರಾಕ್ಷಿಯನ್ನು ಸೇರಿಸುವಂತಿಲ್ಲ. ವೈನು ಗಡುಸು, ಎಳೆಯದರಲ್ಲಿ ಬಾಯಿ ಒಣಗಿಸುವಷ್ಟು ಒಗರು. ಕೋಟ್ ರೋಟಿಯ ಗುಡ್ಡಗಳು ಎಷ್ಟು ಕಡಿದೆಂದರೆ ಕಲ್ಲಿನ ಒಡ್ಡು ಕಟ್ಟಿ, ಕೈಯಿಂದಲೇ ಎಲ್ಲ ಕೆಲಸ ಮಾಡಬೇಕು; ಅಲ್ಲಿ ಶೇ 20ರವರೆಗೆ ವಿಯೋನ್ಯೇ ಎಂಬ ಬಿಳಿ ದ್ರಾಕ್ಷಿಯನ್ನು ಸಿರಾದ ಜೊತೆಗೇ ಹುದುಗಿಸಲು ನಿಯಮ ಅವಕಾಶ ಕೊಡುತ್ತದೆ. ಬಿಳಿ ದ್ರಾಕ್ಷಿ ಸೇರಿದರೆ ಬಣ್ಣ ತೆಳುವಾಗಬೇಕಲ್ಲವೆ ಎಂದರೆ, ಒಟ್ಟಿಗೆ ಹುದುಗಿದಾಗ ಕೆಂಪು ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ, ಕಂಪಿಗೆ ಹೂವಿನ ಎಳೆಯೊಂದು ಸೇರುತ್ತದೆ. ಎರ್ಮಿತಾಜ್ ಗುಡ್ಡ ಸುಮಾರು 135 ಹೆಕ್ಟೇರಿನಷ್ಟು ಚಿಕ್ಕದು, ಆದರೆ ಇತಿಹಾಸ ದೊಡ್ಡದು: ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಫ್ರಾನ್ಸಿನ ಇನ್ನೊಂದು ವೈನ್ ಸೀಮೆಯಾದ ಬೋರ್ಡೋದ ಪ್ರಸಿದ್ಧ ವೈನುಗಳಿಗೆ ಕಸುವು ತುಂಬಲು ಇಲ್ಲಿನ ವೈನನ್ನು ಬೆರೆಸುತ್ತಿದ್ದರು. ನೀವು ಕೊಂಡ ಕ್ರೋಜ್ ಎರ್ಮಿತಾಜ್ ಆ ಗುಡ್ಡದ ಸುತ್ತಲಿನ ತಗ್ಗು ನೆಲದ್ದು. ಬೆಲೆಯೂ ಕಡಿಮೆ, ಬೇಗ ಕುಡಿಯಲು ತಕ್ಕದ್ದು. ಅದರಲ್ಲಿ ಆಲಿವ್, ಹೊಗೆ, ಒಣಗಿಸಿದ ಮಾಂಸದಂಥ ವಾಸನೆ ಬಂದರೆ ಕೆಟ್ಟಿದೆಯೆಂದು ತಿಳಿಯಬೇಡಿ, ಅದು ಆ ಸೀಮೆಯ ಗುಣ.

ಬರೋಸಾದ ವೈನು ಹೀಗೆ ದಪ್ಪಗೆ, ನೇರಳೆ ಹಣ್ಣಿನ ರಸದಂತೆ ತುಂಬಿಕೊಂಡಿರುವುದಕ್ಕೆ ಬಿಸಿಲೊಂದೇ ಕಾರಣವಲ್ಲ, ಬಳ್ಳಿಗಳ ವಯಸ್ಸೂ ಕಾರಣ. 1832ರಲ್ಲಿ ಜೇಮ್ಸ್ ಬಸ್ಬಿ ಯುರೋಪಿನಿಂದ ಆಸ್ಟ್ರೇಲಿಯಾಕ್ಕೆ ತಂದ ದ್ರಾಕ್ಷಿ ಕಡ್ಡಿಗಳಲ್ಲಿ ಇದೂ ಇತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಬೇರು ಹೇನು ಯುರೋಪಿನ ತೋಟಗಳನ್ನು ನುಂಗಿತು. ನೆರೆಯ ವಿಕ್ಟೋರಿಯಾವನ್ನೂ ಬಿಡಲಿಲ್ಲ. ಆದರೆ ಬಿಗಿಯಾದ ನಿರ್ಬಂಧಗಳಿಂದಾಗಿ ದಕ್ಷಿಣ ಆಸ್ಟ್ರೇಲಿಯಾಕ್ಕೆ ಅದು ಇಂದಿಗೂ ಕಾಲಿಟ್ಟಿಲ್ಲ. ಹಾಗಾಗಿ ಬರೋಸಾದಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ತಮ್ಮದೇ ಬೇರಿನ ಮೇಲೆ ನಿಂತು ಇನ್ನೂ ಫಸಲು ಕೊಡುತ್ತಿವೆ. ಹಳೆಯ ಬಳ್ಳಿಯಲ್ಲಿ ಗೊಂಚಲು ಕಡಿಮೆ, ರಸ ಗಟ್ಟಿ. ಇಂಥ ಬಳ್ಳಿಗಳನ್ನೇ 1980ರ ದಶಕದಲ್ಲಿ, ಕೆಂಪು ವೈನಿಗೆ ಗಿರಾಕಿಯಿಲ್ಲವೆಂದು, ಸರ್ಕಾರ ಹಣ ಕೊಟ್ಟು ಕೀಳಿಸಿತು ಎಂದರೆ ಇಂದು ನಂಬುವುದು ಕಷ್ಟ.

ಇನ್ನು ಪೀಪಾಯಿಯ ವಿಚಾರ. ಪೆನ್‌ಫೋಲ್ಡ್ಸ್ ಎಂಬ ಆಸ್ಟ್ರೇಲಿಯಾದ ಕಂಪನಿಯ ವೈನ್ ತಯಾರಕ ಮ್ಯಾಕ್ಸ್ ಶುಬರ್ಟ್ ಬೋರ್ಡೋ ನೋಡಿ ಬಂದು 1951ರಲ್ಲಿ ಪ್ರಯೋಗಕ್ಕೆಂದು ಗ್ರೇಂಜ್ ಎಂಬ ಶಿರಾಜ್ ವೈನು ಮಾಡಿದಾಗ, ಹೊಸ ಅಮೆರಿಕನ್ ಓಕ್ ಮರದ ಪೀಪಾಯಿಗಳನ್ನು ಬಳಸಿದರು. ವೆನಿಲಾ, ಕೊಬ್ಬರಿಯಂಥ ಕಂಪು ಬರುವುದು ಆ ಮರದಿಂದ. ಮೊದಲು ಕುಡಿದವರು ಮುಖ ಸಿಂಡರಿಸಿದರು, 1957ರಲ್ಲಿ ಕಂಪನಿಯೇ ನಿಲ್ಲಿಸೆಂದು ಹೇಳಿತು, ಶುಬರ್ಟ್ ಕದ್ದುಮುಚ್ಚಿ ಮುಂದುವರಿಸಿದರು. ಹಳೆಯ ಬಾಟಲಿಗಳು ಮಾಗಿ ರುಚಿ ಕಟ್ಟಿದ ಮೇಲೆ 1960ರಲ್ಲಿ ಮತ್ತೆ ಅಧಿಕೃತ ಅನುಮತಿ ಸಿಕ್ಕಿತು. ಈ ವೈನಿಗೆ ದಶಕಗಳ ಕಾಲ ‘ಗ್ರೇಂಜ್ ಎರ್ಮಿತಾಜ್’ ಎಂಬ ಹೆಸರೇ ಇತ್ತು.

ನೀವು ಬರೋಸಾ ಮತ್ತು ರೋನ್‌ಗಳ ನಡುವಿನ ರುಚಿಯನ್ನು ಹುಡುಕುವುದಾದರೆ ನನ್ನ ಸಲಹೆ ಹಂಟರ್ ಕಣಿವೆ. ಸಿಡ್ನಿಯ ಉತ್ತರಕ್ಕಿರುವ ಈ ಸೀಮೆ ಸೆಕೆಯದು, ಆದರೆ ಮೋಡ ಹೆಚ್ಚು; ಕೊಯ್ಲಿನ ವೇಳೆಗೆ ಮಳೆಯ ಭಯವಿರುವುದರಿಂದ ಬೇಗ ಕೀಳುತ್ತಾರೆ. ಅಲ್ಲಿನ ಶಿರಾಜ್ ಮಧ್ಯಮ ಮೈಕಟ್ಟಿನದು, ಮಣ್ಣಿನ ವಾಸನೆಯದು, ಹತ್ತಾರು ವರ್ಷ ಇಟ್ಟರೂ ಕೆಡದೆ ಮಾಗುವಂಥದು. ಹಿಂದೆ ಅದನ್ನು ಫ್ರಾನ್ಸಿನ ಹಗುರ ಕೆಂಪು ವೈನಿನ ಹೆಸರಾದ ‘ಬರ್ಗಂಡಿ’ ಎಂದು ಮಾರುತ್ತಿದ್ದರೆಂಬುದರಿಂದಲೇ ಅದರ ಹದ ತಿಳಿಯುತ್ತದೆ. ವಿಯೋನ್ಯೇ ಸೇರಿದ್ದು ಬೇಕೆಂದರೆ ಕ್ಯಾನ್‌ಬೆರಾ ಸುತ್ತಮುತ್ತಲಿನ ತೋಟಗಳದು. ಸ್ಪಷ್ಟವಾಗಿ ಹೇಳಬೇಕೆಂದರೆ, ನನಗೆ ಬರೋಸಾದ ಒಂದು ಲೋಟ ಹಿತ, ಎರಡನೆಯದು ಭಾರ.

ಪ್ರಶ್ನೆ: ನಮ್ಮ ನಂದಿ ಬೆಟ್ಟದ ತಪ್ಪಲಿನ ಶಿರಾಜ್ ಇವುಗಳಲ್ಲಿ ಯಾವುದಕ್ಕೆ ಹತ್ತಿರ? — ದ್ರಾಕ್ಷಿ ಬೆಳೆಗಾರರು, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಯಾವುದಕ್ಕೂ ಪೂರ್ತಿ ಹತ್ತಿರವಲ್ಲ. ನೀವು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಸುಮಾರು 900 ಮೀಟರ್ ಎತ್ತರವಿಲ್ಲದಿದ್ದರೆ ಅಲ್ಲಿ ವೈನ್ ದ್ರಾಕ್ಷಿಯ ಮಾತೇ ಇರುತ್ತಿರಲಿಲ್ಲ. ಚಳಿಗಾಲಕ್ಕೆ ಎಲೆಯುದುರಿ ನಿದ್ದೆಹೋಗುವುದು ಬಳ್ಳಿಯ ಹುಟ್ಟುಗುಣ, ನಮ್ಮಲ್ಲಿ ಆ ಚಳಿ ಬರುವುದಿಲ್ಲ. ಅದಕ್ಕಾಗಿಯೇ ವರ್ಷಕ್ಕೆ ಎರಡು ಬಾರಿ ಬಳ್ಳಿ ಸವರಿ, ಏಪ್ರಿಲ್ ಆಸುಪಾಸಿನದನ್ನು ಕಡ್ಡಿ ಬೆಳೆಸಲು, ಮಳೆಗಾಲ ಮುಗಿಯುತ್ತ ಮಾಡುವುದನ್ನು ಫಸಲಿಗೆ ಎಂದು ಇಟ್ಟುಕೊಂಡು, ಫೆಬ್ರವರಿ–ಮಾರ್ಚ್ ಹೊತ್ತಿಗೆ ಕೊಯ್ಲು ಮಾಡುವುದು ನಿಮಗೆ ನಾನು ಹೇಳಬೇಕಾದ್ದಲ್ಲ. ವೈನಿನ ದೃಷ್ಟಿಯಿಂದ ಗಮನಿಸಬೇಕಾದ್ದು ಹೀಗೆ: ರೋನ್‌ನಲ್ಲಿ ಹಣ್ಣು ಮಾಗುವ ಕೊನೆಯ ವಾರಗಳು ಶರತ್ಕಾಲದ ತಂಪಿನ ಕಡೆಗೆ ಸಾಗುತ್ತವೆ, ನಮ್ಮಲ್ಲಿ ಅದೇ ವಾರಗಳು ಶಿವರಾತ್ರಿ ಕಳೆದು ಬೇಸಿಗೆಯ ಬಿಸಿಲಿನ ಕಡೆಗೆ ಸಾಗುತ್ತವೆ. ರೊಟಂಡೋನ್ ಕೂಡಬೇಕಾದ ಹೊತ್ತಿಗೇ ಹಗಲಿನ ಶಾಖ ಏರುತ್ತದೆ, ಹುಳಿ ಬೇಗ ಕರಗುತ್ತದೆ. ರಾತ್ರಿಯ ತಂಪು ಒಂದಿಷ್ಟು ಕಾಪಾಡುತ್ತದೆ. ಬೆಳಗಿನ ಜಾವ ಕೊಯ್ದು ಬಿಸಿಲೇರುವ ಮುನ್ನ ವೈನರಿಗೆ ಸೇರಿಸುವುದು, ಗೊಂಚಲಿನ ಮೇಲೆ ಎಲೆಯ ನೆರಳನ್ನು ಪೂರ್ತಿ ತೆಗೆಯದಿರುವುದು ಇಲ್ಲಿ ಅಲಂಕಾರದ ಮಾತುಗಳಲ್ಲ.

ನಿಮ್ಮ ಸೀಮೆಯಲ್ಲಿಯೇ 1988ರಲ್ಲಿ ಶುರುವಾದ ಗ್ರೋವರ್ ಸಂಸ್ಥೆ ತನ್ನ ಹೆಸರಾಂತ ಲಾ ರಿಸರ್ವ್‌ನಲ್ಲಿ ಶಿರಾಜನ್ನು ಕ್ಯಾಬರ್ನೆ ಸೊವಿನ್ಯೋ ಎಂಬ ಇನ್ನೊಂದು ಕೆಂಪು ವೈನ್ ದ್ರಾಕ್ಷಿಯ ಜೊತೆ ಬೆರೆಸಿದ್ದು ನನ್ನ ಮಟ್ಟಿಗೆ ಜಾಣತನ; ಕ್ಯಾಬರ್ನೆ ಬೆನ್ನೆಲುಬು ಕೊಡುತ್ತದೆ, ಶಿರಾಜ್ ಮೈ ತುಂಬುತ್ತದೆ. ಆಸ್ಟ್ರೇಲಿಯಾದವರು ಬಹುಕಾಲದಿಂದ ಮಾಡುತ್ತಿರುವ ಜೋಡಿಯೂ ಇದೇ. ನಮ್ಮ ಶಿರಾಜ್‌ಗಳನ್ನು ಮೂರು ನಾಲ್ಕು ವರ್ಷದೊಳಗೆ ಕುಡಿಯುವುದು ಲೇಸೆಂಬುದು ನನ್ನ ಅಭಿಪ್ರಾಯ. ಕಪಾಟಿನಲ್ಲಿಟ್ಟು ಹತ್ತು ವರ್ಷ ಕಾಯುವಂಥವು ವಿರಳ.

ಪ್ರಶ್ನೆ: ಆಸ್ಟ್ರೇಲಿಯಾದ ವೈನಿನ ಮೇಲೆ ಸುಂಕ ಇಳಿಯಿತೆಂದು ಓದಿದೆ, ಬೆಲೆ ಇಳಿದಂತೆ ಕಾಣಲಿಲ್ಲವಲ್ಲ? — ಓದುಗರೊಬ್ಬರು, ಮಂಗಳೂರು

ಉತ್ತರ: 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಭಾರತ–ಆಸ್ಟ್ರೇಲಿಯಾ ಒಪ್ಪಂದದಂತೆ, ಆಮದು ಬೆಲೆ 5 ಅಮೆರಿಕನ್ ಡಾಲರಿಗಿಂತ ಮೇಲಿನ ಬಾಟಲಿಗೆ ಶೇ 150ರಷ್ಟಿದ್ದ ಸುಂಕ ಮೊದಲಿಗೆ 100ಕ್ಕೆ, 15 ಡಾಲರಿಗಿಂತ ಮೇಲಿನದಕ್ಕೆ 75ಕ್ಕೆ ಇಳಿಯಿತು, ಹತ್ತು ವರ್ಷಗಳಲ್ಲಿ ಕ್ರಮವಾಗಿ 50 ಮತ್ತು 25ಕ್ಕೆ ಇಳಿಯಬೇಕು. 5 ಡಾಲರಿಗಿಂತ ಕೆಳಗಿನ ಅಗ್ಗದ ಬಾಟಲಿಗೆ ಈ ರಿಯಾಯಿತಿಯಿಲ್ಲ. ಇದರ ಮೇಲೆ ರಾಜ್ಯದ ಅಬಕಾರಿ ಸುಂಕ, ಮಾರಾಟಗಾರರ ಲಾಭ ಬೇರೆ. ಇಳಿಕೆ ಕಾಣಬೇಕಾದರೆ ಮೇಲಿನ ದರ್ಜೆಯ ಬಾಟಲಿಯಲ್ಲೇ ಮೊದಲು ಕಾಣಬೇಕು.

ಪ್ರಶ್ನೆ: ಕೆಂಪು ವೈನನ್ನು ಫ್ರಿಜ್ಜಿನಲ್ಲಿಡಬಾರದೆನ್ನುತ್ತಾರೆ. ಮಟನ್ ಸಾರಿನೊಡನೆ ಶಿರಾಜ್ ಹೊಂದುತ್ತದೆಯೆ? — ಗೃಹಿಣಿ, ಮಂಡ್ಯ

ಉತ್ತರ: ‘ಕೋಣೆಯ ಉಷ್ಣತೆ’ ಎಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. ಶಿರಾಜ್‌ಗೆ 16ರಿಂದ 18 ಡಿಗ್ರಿ ಹಿತ. ಏಪ್ರಿಲ್‌ನ ಮಂಡ್ಯದಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡದೆ ಬಡಿಸಿದರೆ ಆಲ್ಕೋಹಾಲಿನ ಘಾಟೊಂದೇ ಮೂಗಿಗೆ ಹೊಡೆಯುತ್ತದೆ. ಎಳೆಯ ರೋನ್ ವೈನಾದರೆ ಅಗಲ ಬಾಯಿಯ ಜಾಡಿಗೆ ಸುರಿದು ಒಂದು ಗಂಟೆ ಗಾಳಿಯಾಡಲು ಬಿಡಿ.

ಸಾರಿನ ವಿಷಯದಲ್ಲಿ ಕಷ್ಟ ಕೊಡುವುದು ಒಣಮೆಣಸಿನಕಾಯಿ. ಅದರ ಖಾರ ವೈನಿನ ಆಲ್ಕೋಹಾಲನ್ನೂ ಒಗರನ್ನೂ ಎತ್ತಿ ತೋರಿಸುತ್ತದೆ, ಶೇ 15ರ ಬರೋಸಾ ಆಗ ಬಾಯಿಗೆ ಉರಿಯೇ ಆಗುತ್ತದೆ. ಕಾಳುಮೆಣಸು ಮುಂದಾಗಿರುವ ಅಡುಗೆಗೆ ಈ ತೊಂದರೆ ಕಡಿಮೆ. ಹುರಿದ ಮಸಾಲೆ, ಮೆಣಸು, ಕಾಚಂಪುಳಿಯ ಹುಳಿ ಸೇರಿದ ಕೊಡಗಿನ ಪಂದಿ ಕರಿಗೆ ತಂಪು ಸೀಮೆಯ ಶಿರಾಜ್‌ಗಿಂತ ಒಳ್ಳೆಯ ಜೊತೆ ನನಗೆ ಸಿಕ್ಕಿಲ್ಲ. ಮಟನ್ ಸಾರಿಗೇ ಬೇಕೆಂದರೆ ಮೆಣಸಿನಕಾಯಿ ಅರ್ಧಕ್ಕಿಳಿಸಿ, ಕೊನೆಗೆ ಮೆಣಸಿನ ಪುಡಿ ಉದುರಿಸಿ. ವೈನನ್ನು ಶೇ 13.5ರೊಳಗಿನದೇ ಆರಿಸಿಕೊಳ್ಳಿ.