ಹಿತ್ತಲಿಗೆ ಎರೆಹುಳು ಬಿಡಬೇಡಿ, ತಮ್ಮಾ

ಮಲೆನಾಡಿನ ಸಾಗರದಿಂದ ಬಂದು ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಹತ್ತಿರ ಮನೆ ಮಾಡಿದ್ದೀರಿ. ಹಿತ್ತಲ ಬೇಲಿ ದಾಟಿದರೆ ಮೇಪಲ್ ಕಾಡು, ಆದರೆ ಮರಗಳ ಕೆಳಗೆ ಬರೀ ಬೋಳು ನೆಲ. "ಅಕ್ಕಾ, ಒಂದೆರಡು ಕೆಜಿ ಎರೆಹುಳು ತಂದು ಬಿಟ್ಟರೆ ಮಣ್ಣು ಸುಧಾರಿಸುತ್ತಾ? ಇಲ್ಲಿ ಎಲ್ಲಿ ಸಿಗುತ್ತೆ, ಊರಿಂದ ತರಬಹುದಾ?" ಅಂತ ಕೇಳಿದ್ದೀರಿ. ಚಳಿ, ಸ್ಕೂಲು, ಸೆಕೆಂಡ್ ಹ್ಯಾಂಡ್ ಕಾರಿನ ಬಗ್ಗೆ ಕೇಳಿದ್ದಕ್ಕೆಲ್ಲ ಆಮೇಲೆ ಬರೆಯುತ್ತೇನೆ. ಮೊದಲು ಹುಳುವಿನ ವಿಷಯ ಮುಗಿಸೋಣ. ಹಿಮ ಕರಗಿದ ಮರುದಿನವೇ ಗುದ್ದಲಿ ಹಿಡಿಯುವವರ ಹಾಗೆ ಕಾಣುತ್ತೀರಿ.

ದಯವಿಟ್ಟು ಬಿಡಬೇಡಿ. ಆ ನೆಲ ಬೋಳಾಗಿರುವುದೇ ಬಹುಶಃ ಎರೆಹುಳುವಿನಿಂದ.

ನಂಬುವುದು ಕಷ್ಟ ಅಂತ ಗೊತ್ತು. ನಮ್ಮದು ಕೊಪ್ಪದ ಕಡೆ. ಅಡಿಕೆ ತೋಟದಲ್ಲಿ ಗುದ್ದಲಿ ಹಾಕಿದಾಗ ನಾಲ್ಕು ಹುಳು ಕಂಡರೆ ಅಪ್ಪನ ಮುಖ ಅರಳುತ್ತಿತ್ತು. ಶಾಲೆಯಲ್ಲೂ ಎರೆಹುಳು ರೈತನ ಮಿತ್ರ ಅಂತ ಬಾಯಿಪಾಠ ಮಾಡಿದವರೇ ನಾವೆಲ್ಲ. ಇಲ್ಲಿ ಬಂದ ಮೇಲೆ ಒಬ್ಬರು ಅದನ್ನು ಕಾಡಿನ ಶತ್ರು ಅಂದಾಗ ನಾನು ನಕ್ಕುಬಿಟ್ಟಿದ್ದೆ.

ಕತೆ ಹೀಗಿದೆ. ಸುಮಾರು ಹತ್ತು ಹನ್ನೆರಡು ಸಾವಿರ ವರ್ಷದ ಹಿಂದಿನವರೆಗೆ ಈ ಸೀಮೆಯ ಬಹುಭಾಗ ದಪ್ಪ ಹಿಮದ ಹಾಸಿನ ಕೆಳಗಿತ್ತು. ಅದು ಕರಗಿ ಹಿಂದೆ ಸರಿದ ಮೇಲೆ ಗಿಡಮರ ಬಂದವು, ಪ್ರಾಣಿಗಳು ಬಂದವು. ಎರೆಹುಳು ಮಾತ್ರ ಬರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಅಮೆರಿಕದ್ದೇ ಜಾತಿಗಳಿವೆ, ಆದರೆ ಎರೆಹುಳುವಿನ ದಂಡು ತಾನಾಗಿ ವರ್ಷಕ್ಕೆ ಹೆಚ್ಚೆಂದರೆ ಹತ್ತು ಮೀಟರ್ ಮುಂದೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ, ಇಲ್ಲಿಗೆ ಯಾವಾಗ ತಲುಪಬೇಕು! ಹಾಗಾಗಿ ಈ ಕಾಡು ಹುಳುವಿಲ್ಲದೆಯೇ ಬೆಳೆದು ನಿಂತ ಕಾಡು.

ಹುಳು ಇಲ್ಲದಿದ್ದರೆ ಏನಾಗುತ್ತದೆ? ನಮ್ಮ ಕಡೆ ದರಗು ಗುಡಿಸಿ ಕೊಟ್ಟಿಗೆಗೆ ಹಾಕುತ್ತೇವೆ. ಇಲ್ಲಿ ಅದೇ ದರಗು ಬಿದ್ದಲ್ಲೇ ಇರುತ್ತದೆ. ಅಣಬೆಯ ಎಳೆಗಳು, ಬ್ಯಾಕ್ಟೀರಿಯಾ ಅದನ್ನು ನಿಧಾನವಾಗಿ, ವರ್ಷಗಟ್ಟಲೆ ಕರಗಿಸುತ್ತವೆ. ಅಷ್ಟರಲ್ಲಿ ಹೊಸ ಎಲೆ ಮೇಲೆ ಬಿದ್ದಿರುತ್ತದೆ. ಹೀಗೆ ಒಂದರ ಮೇಲೊಂದು ಕೂತು ದಪ್ಪ ಹಾಸಿಗೆಯೇ ಆಗಿರುತ್ತದೆ. ಇವರು ಅದಕ್ಕೆ ಡಫ್ ಅನ್ನುತ್ತಾರೆ. ಕಾಲಿಟ್ಟರೆ ಮೆತ್ತಗೆ ಒಳಗೆ ಹೋಗುತ್ತದೆ. ಇಲ್ಲಿನ ಕಾಡುಹೂಗಳೆಲ್ಲ ಬೀಜ ಮೊಳೆಸುವುದು, ಬೇರು ಬಿಡುವುದು, ಚಳಿಗಾಲ ಕಳೆಯುವುದು ಆ ಹಾಸಿಗೆಯೊಳಗೆ.

ಹುಳು ಬಂದದ್ದು ಯುರೋಪಿನ ವಲಸಿಗರ ಜೊತೆ. ಗಿಡಗಳ ಬೇರಿನ ಮಣ್ಣಲ್ಲಿ, ಹಡಗಿನ ತೂಕಕ್ಕೆ ತುಂಬಿದ ಮಣ್ಣಲ್ಲಿ. (ನಾವೂ ವಲಸಿಗರೇ ಬಿಡಿ, ಆದರೆ ಹಾಸಿಗೆ ತಿನ್ನಲಿಲ್ಲ.) ಆಮೇಲೆ ಮೀನು ಹಿಡಿಯುವವರು ಕೆರೆ ಕೆರೆಗೆ ಹಂಚಿದರು. ಪೆಟ್ರೋಲ್ ಬಂಕಿನ ಫ್ರಿಜ್ಜಿನಲ್ಲಿ ಹಾಲಿನ ಪಕ್ಕವೇ 'ನೈಟ್‌ಕ್ರಾಲರ್' ಅಂತ ಬರೆದ ಡಬ್ಬಿ ನೋಡಿರುತ್ತೀರಿ, ಅದರೊಳಗೆ ಇರುವುದು ಇದೇ ಹುಳು. ಮೀನು ಹಿಡಿದು ಮುಗಿದ ಮೇಲೆ "ಪಾಪ, ಬದುಕಿಕೊಳ್ಳಲಿ" ಅಂತ ದಡದಲ್ಲಿ ಸುರಿದು ಹೋಗುತ್ತಾರೆ. ನನ್ನ ಯಜಮಾನರೂ ಮೊದಲ ವರ್ಷ ಅದನ್ನೇ ಮಾಡಿದ್ದರು.

ಮಳೆ ನಿಂತ ರಾತ್ರಿ ಟಾರ್ಚ್ ಹಿಡಿದು ಹೋಗಿ ಕೂತರೆ ಅದರ ಕೆಲಸ ಕಾಣುತ್ತದೆ. ಬಾಲ ಬಿಲದಲ್ಲೇ ಇಟ್ಟುಕೊಂಡು ಮೈಯನ್ನು ಉದ್ದಕ್ಕೆ ಚಾಚುತ್ತದೆ. ಮೇಪಲ್ ಎಲೆಯ ತುದಿ ಸಿಕ್ಕಿದ ಕೂಡಲೇ ಹಿಂದಕ್ಕೆ ಎಳೆಯುತ್ತದೆ. ಬೆಳಗ್ಗೆ ನೋಡಿದರೆ ಎಲೆ ಬೀಡಾದ ಹಾಗೆ ಸುರುಳಿಯಾಗಿ ಮಣ್ಣಲ್ಲಿ ಅರ್ಧ ಹೂತಿರುತ್ತದೆ, ತೊಟ್ಟು ಮಾತ್ರ ಮೇಲೆ. ಹುಳು ಜಾಸ್ತಿ ಇರುವ ಕಾಡಿನಲ್ಲಿ ಅಕ್ಟೋಬರಿನಲ್ಲಿ ಬಿದ್ದ ಎಲೆ ಮುಂದಿನ ಬೇಸಿಗೆ ಮುಗಿಯುವುದರೊಳಗೆ ಖಾಲಿ. ಮರದ ಬೇರುಗಳು ಹೊರಗೆ ಕಾಣುತ್ತವೆ. ನಿಮ್ಮ ಹಿತ್ತಲಲ್ಲೂ ಹಾಗೇ ಇದೆಯಾ, ಒಮ್ಮೆ ನೋಡಿ.

ಹಾಸಿಗೆ ಹೋದರೆ ಅದರಲ್ಲಿ ಮಲಗಿದ್ದವರೂ ಹೋಗುತ್ತಾರೆ ಅಲ್ವಾ? ಟ್ರಿಲಿಯಮ್ ಅಂತ ಮೂರೆಸಳಿನ ಬಿಳಿ ಹೂವಿದೆ. ಬೀಜದಿಂದ ಹೂವಿಗೆ ಬರಲು ಅದಕ್ಕೆ ಏಳೆಂಟು ವರ್ಷ ಬೇಕು. ನಡುವೆ ಒಂದು ವರ್ಷ ಬೇರು ಒಣಗಿದರೂ ಮತ್ತೆ ಮೊದಲಿಂದ. ಗಾಬ್ಲಿನ್ ಫರ್ನ್ ಅಂತ ಒಂದು ಪುಟಾಣಿ ಜರೀಗಿಡ, ಬದುಕಿನ ಬಹುಪಾಲು ದರಗಿನೊಳಗೇ ಕಳೆಯುವಂಥದ್ದು. ಈ ರಾಜ್ಯದ ಉತ್ತರಕ್ಕಿರುವ ಚಿಪ್ಪೆವಾ ಕಾಡಿನಲ್ಲಿ ಹುಳು ನುಗ್ಗಿದ ಜಾಗಗಳಿಂದ ಅದು ಮಾಯವಾಯಿತು. ಮೇಪಲ್ ಸಸಿಗಳೂ ಏಳುವುದಿಲ್ಲ. ಬೇರಿಗೆ ಜೊತೆಗಾರನಾಗಿದ್ದ ಶಿಲೀಂಧ್ರವೂ ಕಡಿಮೆಯಾಗುತ್ತದೆ. ಅಳಿದುಳಿದ ನಾಲ್ಕು ಚಿಗುರನ್ನು ಜಿಂಕೆ ಮೇಯುತ್ತದೆ. ಮೊದಲು ಸಾವಿರ ಗಿಡದಲ್ಲಿ ನೂರು ತಿಂದರೆ ಲೆಕ್ಕಕ್ಕಿರಲಿಲ್ಲ, ಈಗ ಇರುವುದೇ ನೂರು. ಕೊನೆಗೆ ಉಳಿಯುವುದು ಹುಲ್ಲಿನಂಥ ಒಂದು ಜೊಂಡು. ದೂರದಿಂದ ಹಸಿರಾಗಿಯೇ ಕಾಣುತ್ತದೆ, ಅದೇ ಮೋಸ.

ಇದು ಸಾಲದು ಅಂತ ಈಗ ಏಷ್ಯಾದ ಜಿಗಿಯುವ ಹುಳು ಬಂದಿದೆ. ಮುಟ್ಟಿದರೆ ಹಾವಿನ ಹಾಗೆ ಹೊರಳಾಡುತ್ತದೆ, ಬಾಲ ಬಿಟ್ಟು ಓಡುವುದೂ ಉಂಟು. ಕುತ್ತಿಗೆಯ ಹತ್ತಿರ ಮೈ ಪೂರ್ತಿ ಸುತ್ತಿದ ಹಾಲು ಬಣ್ಣದ ಪಟ್ಟಿ ಇದ್ದರೆ ಅದೇ. ಈ ವಿಷಯದಲ್ಲಿ ನಾನು ಪೆಟ್ಟು ತಿಂದವಳು. ಒಂದು ಗಿಡ ಮಾರಾಟದಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹೋಸ್ಟಾ ಗಿಡ ತಂದು ಮಣ್ಣು ಸಮೇತ ನೆಟ್ಟೆ. ಮೂರನೇ ಆಗಸ್ಟ್ ಹೊತ್ತಿಗೆ ಪಾತಿಯ ಮಣ್ಣೆಲ್ಲ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದ ಹಾಗಾಯಿತು. ಗಿಡ ಹಿಡಿದು ಎಳೆದರೆ ಸುಮ್ನೆ ಕೈಗೆ ಬಂತು. ಹುಳು ಚಳಿಗೆ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಪಾತಿಯ ಮಟ್ಟಿಗೆ ನಾನು ಇನ್ನೂ ಗೆದ್ದಿಲ್ಲ.

ನೀವು ಮಾಡಬಹುದಾದದ್ದು ಸ್ವಲ್ಪವೇ. ಮೊದಲು ಪರೀಕ್ಷೆ ಮಾಡಿ: ನಾಲ್ಕು ಲೀಟರ್ ನೀರಿಗೆ ಕಾಲು ಕಪ್ಪಿಗಿಂತ ಸ್ವಲ್ಪ ಜಾಸ್ತಿ ಸಾಸಿವೆ ಪುಡಿ ಕಲಸಿ, ದರಗು ಸರಿಸಿದ ಜಾಗಕ್ಕೆ ನಿಧಾನವಾಗಿ ಹೊಯ್ಯಿರಿ. ಖಾರ ತಡೆಯದೆ ಹುಳು ಮೇಲೆ ಬರುತ್ತದೆ, ಗಿಡಕ್ಕೆ ಏನೂ ಆಗುವುದಿಲ್ಲ. ಕಾಡಿನಿಂದ ಎಲ್ಲ ಹುಳುವನ್ನೂ ತೆಗೆಯುವ ಉಪಾಯ ಯಾರ ಹತ್ತಿರವೂ ಇಲ್ಲ. ಹೊಸದು ಸೇರದಂತೆ ನೋಡಿಕೊಳ್ಳಬಹುದು ಅಷ್ಟೇ. ಗಿಡ ತಂದರೆ ಬೇರು ತೊಳೆದು ನೆಡಿ. ಮಿಕ್ಕ ಗಾಳದ ಹುಳು ಕಸದ ಡಬ್ಬಿಗೆ. ಗೊಬ್ಬರಕ್ಕೆ ಅಂತ ಮಾರುವ ಹುಳುವನ್ನೂ ಹೊರಗೆ ಬಿಡಬೇಡಿ, ಅದರಲ್ಲಿ ಬೇರೆ ಜಾತಿ ಬೆರೆತಿರಬಹುದು. ತರಕಾರಿ ಪಾತಿಗೆ ಸುಮ್ಮನೆ ಎಲೆಗೊಬ್ಬರ ಮಾಡಿಕೊಳ್ಳಿ. ಊರಿಂದ ತರುವ ಮಾತಂತೂ ಬೇಡ. ಪರ್ಮಿಟ್ ಇಲ್ಲದೆ ಮಣ್ಣು, ಜೀವಂತ ಹುಳು ಸೂಟ್‌ಕೇಸಿನಲ್ಲಿ ಸಿಕ್ಕರೆ ಏರ್‌ಪೋರ್ಟಿನಲ್ಲೇ ಕೂರಿಸುತ್ತಾರೆ. ಅಂದಹಾಗೆ ಊರಿನ ಎರೆಗೊಬ್ಬರದ ತೊಟ್ಟಿಯಲ್ಲಿ ಸಾಕುವವೂ ಹೆಚ್ಚಾಗಿ ಆಫ್ರಿಕಾ, ಯುರೋಪಿನ ಜಾತಿಗಳೇ. ಅಪ್ಪನಿಗೆ ಫೋನಿನಲ್ಲಿ ಹೇಳಿದರೆ ಇವತ್ತಿಗೂ ಒಪ್ಪುವುದಿಲ್ಲ.

ಮೇ ತಿಂಗಳ ಮೊದಲ ವಾರ ಮನೆಯವರನ್ನೂ ಕರೆದುಕೊಂಡು ನರ್ಸ್‌ಟ್ರ್ಯಾಂಡ್ ಬಿಗ್ ವುಡ್ಸ್ ಪಾರ್ಕಿಗೆ ಬನ್ನಿ, ನಿಮ್ಮಲ್ಲಿಂದ ಒಂದು ಗಂಟೆ ದಾರಿ. ಮಿನೆಸೋಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಬೆಳೆಯದ ಗಿಡ್ಡ ಟ್ರೌಟ್ ಲಿಲಿ ಅಲ್ಲಿದೆ. ಹೂವು ಉಗುರಿನಷ್ಟು, ಬಗ್ಗಿ ನೋಡಬೇಕು. ಚಿತ್ರಾನ್ನ ನಾನು ತರುತ್ತೇನೆ. ಹೊರಡುವ ಮುಂಚೆ ಬೂಟಿನ ಅಡಿಯ ಮಣ್ಣು ಉಜ್ಜಿ ತೆಗೆದು ಬನ್ನಿ.